ಡೈರಿಯ ಜನರೇಟರಿಗೆ ಕಪ್ಲಿಂಗ್ ಹುಡುಕಿದ್ದು

ಫೋನು ಬಂದಾಗ ನಾನು ತೊಣ್ಣೂರಿನ ಒಂದು ತೋಟದಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದೆ. ಕೈಯೆಲ್ಲಾ ಗ್ರೀಸಾಗಿದ್ದರಿಂದ ತೋಟದ ಯಜಮಾನರೇ ಫೋನನ್ನು ನನ್ನ ಕಿವಿಗೆ ಹಿಡಿದರು.

"ಅಣ್ಣ, ಎಂಜಿನ್ನು ಓಡ್ತಾ ಅದೆ. ಕರೆಂಟ್ ಮಾತ್ರ ಬತ್ತಿಲ್ಲ. ಟ್ಯಾಂಕ್ ತುಂಬ ಆಲು ಅದೆ ಕಣಣ್ಣ, ಏನ್ ಮಾಡ್ಲಿ?"

ಮಾತಾಡುತ್ತಿದ್ದವರು ಕೆ.ಆರ್. ಪೇಟೆಯಿಂದ ನಾಗಮಂಗಲದ ಕಡೆ ಹೋಗುವ ದಾರಿಯ ಒಂದು ಹಳ್ಳಿಯ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ. ಊರಿನವರು ಅದನ್ನು ಸಂಘ ಎನ್ನುವುದಿಲ್ಲ, ಡೈರಿ ಎನ್ನುತ್ತಾರೆ. ಆ ಡೈರಿಯಲ್ಲಿ ನಾನು ಜನರೇಟರ್ ಕೂರಿಸಿ ಬಂದು ಇನ್ನೂ ಒಂದು ವಾರ ಆಗಿತ್ತೋ ಇಲ್ಲವೋ. ಎಂಜಿನ್ ಓಡುತ್ತಿದೆ, ಕರೆಂಟ್ ಬರುತ್ತಿಲ್ಲ ಎಂದ ಮೇಲೆ ಹೋಗಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಎಂಜಿನ್ನಿಗೂ ಆಲ್ಟರ್ನೇಟರಿಗೂ ನಡುವಿನ ಕಪ್ಲಿಂಗ್ ಹೋಗಿದೆ.

"ಎಂಜಿನ್ ನಿಲ್ಸವ್ವ ಮೊದ್ಲು. ನಾನು ಬತ್ತೀನಿ," ಎಂದೆ.

ಹೇಳಿದ್ದು ಸುಲಭ. ತೊಣ್ಣೂರಿನಿಂದ ಪಾಂಡವಪುರಕ್ಕೆ ಬಂದು, ನನ್ನ ರಿಪೇರಿ ಅಂಗಡಿಯಿಂದ ಸಾಮಾನು ಕಟ್ಟಿಕೊಂಡು, ಬೈಕಿನಲ್ಲಿ ಅಷ್ಟು ದೂರ ಹೋಗುವ ತನಕ ಹಾಲು ನನಗಾಗಿ ಕಾಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಜನರೇಟರ್ ಎಂದರೆ ಒಂದೇ ಯಂತ್ರ ಅಂದುಕೊಳ್ಳುತ್ತಾರೆ ಬಹಳ ಜನ. ಡೀಸೆಲ್ ಕುಡಿದು ತಿರುಗುವುದು ಎಂಜಿನ್. ಆ ತಿರುಗುವುದರಿಂದ ಕರೆಂಟ್ ಹುಟ್ಟಿಸುವುದು ಆಲ್ಟರ್ನೇಟರ್. ಎರಡರ ಶಾಫ್ಟುಗಳೂ ಎದುರುಬದುರು ನಿಂತಿರುತ್ತವೆ, ಅವನ್ನು ಜೋಡಿಸುವ ಗಂಟೇ ಕಪ್ಲಿಂಗ್. ಕಂಪನಿಯಿಂದ ಜೋಡಿಸಿಕೊಂಡೇ ಬಂದ ಸೆಟ್ಟಿನಲ್ಲಿ ಅದರ ಯೋಚನೆ ಯಾರೂ ಮಾಡಬೇಕಾಗಿಲ್ಲ. ಇಲ್ಲಿ ಹಾಗಿರಲಿಲ್ಲ. ಹೊಸ ಸೆಟ್ಟು ತರುವ ಶಕ್ತಿ ಡೈರಿಗಿರಲಿಲ್ಲ. ಎರಡು ಸಿಲಿಂಡರಿನ ಎಂಜಿನ್ ಬಂದದ್ದು ಪಾಂಡವಪುರದ ಹತ್ತಿರ ಬಾಗಿಲು ಹಾಕಿದ ಒಂದು ಆಲೆಮನೆಯಿಂದ. ಆಲ್ಟರ್ನೇಟರ್ ಬಂದದ್ದು ಕೆ.ಆರ್. ಪೇಟೆಯ ಒಂದು ಹಳೇ ಕಲ್ಯಾಣ ಮಂಟಪದಿಂದ. ಇವೆರಡಕ್ಕೂ ಜಾತಕ ನೋಡದೆ ಗಂಟು ಹಾಕಿದವನು ನಾನು.

ಹಾಕಿದ್ದು ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವ ಪಿನ್-ಬುಷ್ ಕಪ್ಲಿಂಗ್. ಎರಡು ದಪ್ಪ ತಟ್ಟೆಗಳು, ಒಂದರಲ್ಲಿ ಉಕ್ಕಿನ ಪಿನ್ನುಗಳು, ಇನ್ನೊಂದರಲ್ಲಿ ಅವು ಕೂರುವ ತೂತುಗಳು, ನಡುವೆ ಉಕ್ಕಿಗೆ ಉಕ್ಕು ತಾಗದಂತೆ ರಬ್ಬರ್ ಬುಷ್. ಅಕ್ಕಿ ಗಿರಣಿಯಲ್ಲಿ, ಆಲೆಮನೆಯಲ್ಲಿ, ಪಂಪ್‌ಹೌಸಿನಲ್ಲಿ, ಎಲ್ಲಾ ಕಡೆ ಇದೇ. ನಾನೂ ಎರಡನೇ ಯೋಚನೆ ಮಾಡಿರಲಿಲ್ಲ.

ನಾನು ಹೋಗಿ ಮುಟ್ಟುವಾಗ ಮಧ್ಯಾಹ್ನ. ಕಪ್ಲಿಂಗಿನ ಕೆಳಗೆ ಕಾಂಕ್ರೀಟ್ ಕಟ್ಟೆಯ ಮೇಲೆ ಕಪ್ಪು ಪುಡಿ ಹರಡಿತ್ತು. ರಬ್ಬರೆಲ್ಲ ಅರೆದು ಹಿಟ್ಟಾಗಿ, ಆಮೇಲೆ ಪಿನ್ನುಗಳು ತೂತಿನೊಳಗೆ ಬಡಿದುಕೊಂಡು ಕತ್ತರಿಸಿ ಹೋಗಿದ್ದವು. ಹಿತ್ತಲಲ್ಲಿ ಹೆಂಗಸರು ಟ್ಯಾಂಕಿನ ಹಾಲನ್ನು ಬಕೆಟ್ಟಿನಲ್ಲಿ ತೆಗೆದು ತಿಪ್ಪೆಗುಂಡಿಗೆ ಸುರಿಯುತ್ತಿದ್ದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಟ್ಯಾಂಕು, ಅವರ ಮಾತಿನಲ್ಲಿ ಕೂಲರು, ಆ ಹಳ್ಳಿಗೆ ಬಂದದ್ದೇ ಕಾರ್ಯದರ್ಶಿಯ ಹಟದಿಂದ. ಅದಕ್ಕೆ ಮುಂಚೆ ಹೆಂಗಸರು ಕತ್ತಲಿರುವಾಗಲೇ ಕ್ಯಾನು ಹೊತ್ತು ಮುಖ್ಯರಸ್ತೆಗೆ ನಡೆದು ಹಾಲಿನ ವ್ಯಾನಿಗೆ ಕಾಯಬೇಕಿತ್ತು. ವ್ಯಾನು ಬೇಗ ಬಂದು ಹೋಗಿಬಿಟ್ಟಿದ್ದರೆ ಹೊತ್ತ ಹಾಲನ್ನು ಹೊತ್ತುಕೊಂಡೇ ವಾಪಸು ಬರಬೇಕು. ಅದು ತಪ್ಪಲೆಂದು ಕಾರ್ಯದರ್ಶಿ ಹತ್ತಿದ ಕಚೇರಿಯ ಮೆಟ್ಟಿಲುಗಳೆಷ್ಟೋ. ಕೊನೆಗೆ ಹಾಲು ಒಕ್ಕೂಟದವರು ಕೂಲರು ಕೊಟ್ಟರು, ಆದರೆ ಕರೆಂಟ್ ಹೋದಾಗ ಅದನ್ನು ಓಡಿಸುವ ಜನರೇಟರ್ ಊರಿನವರದೇ ಜವಾಬ್ದಾರಿ ಎಂದರು.

ಅಲ್ಲಿ ನಿಂತು ನಾನು ಮೊದಲು ಅನುಮಾನಪಟ್ಟದ್ದು ಎರಡೂ ಯಂತ್ರ ಕೂತಿದ್ದ ಕಟ್ಟೆಯನ್ನು. ಅದಕ್ಕೆ ಕಾರಣವಿತ್ತು. ಕಟ್ಟೆ ಹಾಕುವ ದಿನ ಆಲ್ಟರ್ನೇಟರ್ ಇನ್ನೂ ಕೆ.ಆರ್. ಪೇಟೆಯಲ್ಲೇ ಇತ್ತು. ಆದರೆ ಮುಹೂರ್ತ ಇಟ್ಟಾಗಿತ್ತು. ನಾನು ಟೇಪು ಹಿಡಿದು ಬರೆದು ಕೊಟ್ಟ ಅಳತೆಯ ಮೇಲೆಯೇ ಬೋಲ್ಟು ನಿಲ್ಲಿಸಿದರು. ಕಾಂಕ್ರೀಟ್ ಹಾಕುವ ಮುಂಚೆ, ಡೈರಿಗೆ ಹಾಲು ಹಾಕುವ ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಬಂದು ತಮ್ಮ ಹಸುವಿನ ಒಂದೊಂದು ಲೋಟ ಹಾಲನ್ನು ಗುಂಡಿಗೆ ಸುರಿದರು. ಡೈರಿಯ ಅಧ್ಯಕ್ಷೆ, ಎಪ್ಪತ್ತು ದಾಟಿದ ಅಜ್ಜಿ, ನವಧಾನ್ಯ ತುಂಬಿದ ಮಣ್ಣಿನ ಕುಡಿಕೆಯೊಂದನ್ನು ನಟ್ಟನಡುವೆ ಇಡಿಸಿ ಕಾಂಕ್ರೀಟ್ ಮುಚ್ಚಿಸಿದರು. ಆಲ್ಟರ್ನೇಟರ್ ಬಂದ ಮೇಲೆ ನೋಡಿದರೆ ಎರಡು ಶಾಫ್ಟುಗಳ ನಡುವೆ ಒಂದು ಕಡ್ಡಿ ತೂರುವಷ್ಟು ಸಂದು ಉಳಿದಿತ್ತು. ಪಿನ್-ಬುಷ್‌ಗೆ ಅಷ್ಟು ಸಾಕು ಎಂದು ನಾನೂ ಸುಮ್ಮನಾಗಿದ್ದೆ.

ಆದ್ದರಿಂದ ಮೊದಲ ಕೆಲಸ ಅಲೈನ್‌ಮೆಂಟ್, ಎರಡು ಶಾಫ್ಟುಗಳನ್ನೂ ಒಂದೇ ಗೆರೆಗೆ ತರುವುದು. ಡಯಲ್ ಗೇಜನ್ನು ಎಂಜಿನ್ ಕಡೆಯ ತಟ್ಟೆಗೆ ಕಚ್ಚಿಸಿ, ಅದರ ಮೊನೆ ಆಲ್ಟರ್ನೇಟರ್ ಕಡೆಯ ತಟ್ಟೆಯನ್ನು ತಾಗುವಂತೆ ಇಟ್ಟು, ಕೈಯಲ್ಲೇ ನಿಧಾನ ತಿರುಗಿಸುತ್ತಾ ಮೇಲೆ, ಕೆಳಗೆ, ಎಡ, ಬಲ ಎಷ್ಟು ತೋರಿಸುತ್ತದೆ ಎಂದು ನೋಡುತ್ತಾ ಹೋದೆ. ವ್ಯತ್ಯಾಸ ಕಂಡಲ್ಲಿ ಆಲ್ಟರ್ನೇಟರಿನ ಪಾದದಡಿ ಕಾಗದದಷ್ಟು ತೆಳ್ಳಗಿನ ತಗಡು ತೂರಿಸುವುದು, ಬೋಲ್ಟು ಬಿಗಿಯುವುದು, ಮತ್ತೆ ನೋಡುವುದು. ಬಿಗಿದ ಕೂಡಲೇ ಅದು ಮತ್ತೆ ಅಷ್ಟು ಓಡಿಬಿಡುತ್ತದೆ. ಬೆನ್ನು ಬಗ್ಗಿಸಿಕೊಂಡು ಮಾಡುವ ಈ ಕೆಲಸಕ್ಕೆ ನನ್ನ ವಯಸ್ಸಿನವನು ಹೇಳಿ ಮಾಡಿಸಿದವನಲ್ಲ. ಸಂಜೆ ಹೊತ್ತಿಗೆ ಮುಳ್ಳು ಎಲ್ಲೂ ಅಲುಗಾಡದಷ್ಟು ಸರಿಮಾಡಿದೆ. ಹೊಸ ರಬ್ಬರ್, ಹೊಸ ಪಿನ್ನು ಹಾಕಿ ಓಡಿಸಿದೆ.

ಕೂಲರಿನ ಕಂಪ್ರೆಸರ್ ಹಾಕಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ ಮೇಲೆ ಬುಷ್ ಮುಟ್ಟಿ ನೋಡಿದೆ. ಬೆರಳು ಇಡಲಾಗಲಿಲ್ಲ. ಅಷ್ಟು ಬಿಸಿ.

ಅಂದರೆ ಕಟ್ಟೆಯ ತಪ್ಪಲ್ಲ. ಆದರೆ ಮತ್ತೇನು ಎಂದು ಯೋಚಿಸುವ ಬದಲು ನಾನು ನಮ್ಮ ಕಡೆಯವರೆಲ್ಲ ಮಾಡುವುದನ್ನೇ ಮಾಡಿದೆ. ನಾವು ಕೈ ಪಳಗಿಸಿಕೊಂಡಿರುವುದು ಕಬ್ಬಿನ ಗಾಣದಲ್ಲಿ. ಗಾಣದಲ್ಲಿ ಏನೇ ಮುರಿದರೂ ಅದಕ್ಕಿಂತ ಗಟ್ಟಿಯದನ್ನು ಹಾಕುವುದು ವಾಡಿಕೆ. ಪಿನ್ನು ಮುರಿದರೆ ದಪ್ಪ ಪಿನ್ನು, ಹಲ್ಲು ಮುರಿದರೆ ಅಗಲವಾದ ಹಲ್ಲು. ಗಾಣ ನಿಧಾನಕ್ಕೆ ತಿರುಗುತ್ತದೆ, ಕಬ್ಬು ಸಿಕ್ಕಿಕೊಂಡರೆ ತಡೆದುಕೊಳ್ಳಬೇಕು, ಅಲ್ಲಿ ಅದೇ ಸರಿ. ರಬ್ಬರ್ ಅರೆದುಹೋಯಿತೇ, ರಬ್ಬರಿಗಿಂತ ಗಟ್ಟಿಯದು ಹಾಕು ಎಂದುಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಅಲ್ಲಿ ಲೇತ್ ಇಟ್ಟುಕೊಂಡಿರುವ ಸಾಹೇಬರು ನನ್ನ ಹಳೇ ಪರಿಚಯ. ಕಲ್ಲಿನಂಥ ಪ್ಲಾಸ್ಟಿಕ್ ಸರಳು ಕಡಿದು ಬುಷ್ ಮಾಡಿಕೊಟ್ಟರು.

"ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ ಭಾಯ್," ಎಂದರು.

ಬುಷ್ ನಿಜಕ್ಕೂ ಬಾಳಿಕೆ ಬಂತು. ಮುಂದಿನ ಬಾರಿ ಕರೆಂಟ್ ದೀರ್ಘವಾಗಿ ಹೋದ ದಿನ ಮತ್ತೆ ಅದೇ ಫೋನು, ಅದೇ ಮಾತು. ಹೋಗಿ ಬಿಚ್ಚಿದರೆ ಬುಷ್ ಹೊಸದರಂತೆ ಹೊಳೆಯುತ್ತಿತ್ತು. ಆಲ್ಟರ್ನೇಟರ್ ಶಾಫ್ಟಿಗೂ ತಟ್ಟೆಗೂ ನಡುವೆ ಇರುವ ಕೀ, ಎರಡನ್ನೂ ಒಟ್ಟಿಗೆ ಹಿಡಿದಿಡುವ ಉಕ್ಕಿನ ತುಂಡು, ಕತ್ತರಿಸಿ ಹೋಗಿತ್ತು. ಶಾಫ್ಟಿನಲ್ಲಿ ಆ ಕೀ ಕೂರಲು ಕೊರೆದ ಸೀಳು, ನಮ್ಮ ಮಾತಿನಲ್ಲಿ ಗಾಡಿ, ಅದೂ ಬಾಯಿ ಬಿಟ್ಟುಕೊಂಡಿತ್ತು. ಹಿತ್ತಲಲ್ಲಿ ಮತ್ತೆ ಬಕೆಟ್ಟುಗಳು. ಆ ದಿನ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ, ಸ್ಪ್ಯಾನರ್ ತೆಗೆದು ಗೋಡೆಗೆ ಎಸೆದೆ.

ಆ ಹೊತ್ತಿಗೆ ಒಕ್ಕೂಟದ ಸೂಪರ್‌ವೈಸರ್ ಅಲ್ಲೇ ಇದ್ದರು. ಒಳ್ಳೆಯ ಮನುಷ್ಯ, ಆದರೆ ಅವರೂ ಮೇಲಿನವರಿಗೆ ಉತ್ತರ ಹೇಳಬೇಕು.

"ನೋಡಿ ಮೇಡಂ, ಎರಡು ಸಲ ಆಯ್ತು," ಎಂದರು ಕಾರ್ಯದರ್ಶಿಗೆ. "ಇನ್ನೊಂದು ಸಲ ಹಾಲು ಕೆಟ್ಟರೆ ಕೂಲರ್ ಬೇರೆ ಊರಿಗೆ ಹಾಕ್ತೀವಿ. ನನ್ನ ಕೈಯಲ್ಲಿ ಏನೂ ಇಲ್ಲ."

ಸೂಪರ್‌ವೈಸರ್ ಹೋದ ಮೇಲೆ ಆಕೆ ನನ್ನ ಕಡೆ ತಿರುಗಿದರು.

"ಅಣ್ಣ, ನಿಮ್ಗೆ ಗೊತ್ತಾಗ್ದಿದ್ರೆ ಗೊತ್ತಾಗಕಿಲ್ಲ ಅಂತ ಯೋಳ್ಬುಡಿ. ಬೇರೆಯೋರ್ನ ಕರುಸ್ತೀನಿ. ನಾನೇನೂ ಅಂದ್ಕಳಕಿಲ್ಲ."

"ನಾಳೆ ಒಂದಿನ ಕೊಡವ್ವ," ಎಂದೆ.

ಮಾರನೇ ದಿನ ಕರೆಂಟ್ ಇತ್ತು, ಕೂಲರಿಗೆ ಜನರೇಟರ್ ಬೇಕಾಗಿರಲಿಲ್ಲ. ಹರಿದ ಗಾಡಿಗೆ ತಗಡು ಸುತ್ತಿದ ಕೀ ಬಡಿದು ತಾತ್ಕಾಲಿಕಕ್ಕೆ ಕೂರಿಸಿದೆ. ಲೋಡು ಹಾಕದೆ ಎಂಜಿನ್ ಓಡಿಸಿ, ಶಾಫ್ಟಿನ ವೇಗ ತೋರಿಸುವ ಟ್ಯಾಕೋಮೀಟರ್ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಅಂಗೈಯನ್ನು ಆಲ್ಟರ್ನೇಟರಿನ ಪಾದದ ಮೇಲಿಟ್ಟೆ. ಕಾರ್ಯದರ್ಶಿಗೆ ಎಂಜಿನ್ನಿನ ವೇಗ ಏರಿಸುವ ಲಿವರ್ ಕೊಟ್ಟು, ನಾನು ಹೇಳಿದಂತೆ ಸ್ವಲ್ಪಸ್ವಲ್ಪವೇ ಎತ್ತಿ ಎಂದೆ. ಆಕೆ ಹಾಲು ಅಳೆಯುವಷ್ಟೇ ಜೋಪಾನವಾಗಿ ಎತ್ತಿದರು. ಕಡಿಮೆ ವೇಗದಲ್ಲಿ ಎಲ್ಲಾ ನೆಟ್ಟಗಿತ್ತು. ಕರೆಂಟ್ ಸರಿಯಾಗಿ ಬರಲು ಓಡಬೇಕಾದ ವೇಗ ನಿಮಿಷಕ್ಕೆ ಸಾವಿರದ ಐನೂರು ಸುತ್ತು. ಅದರ ಸಮೀಪ ಬರುತ್ತಿದ್ದಂತೆ ಪಾದ ನಡುಗತೊಡಗಿತು. ಸಾವಿರದ ಐನೂರಕ್ಕೆ ಒಂದಿಷ್ಟು ಮುಂಚೆ ಎಷ್ಟು ನಡುಗಿತೆಂದರೆ ನಾನು ಕೈ ತೆಗೆದುಬಿಟ್ಟೆ.

ನಿಲ್ಲಿಸಿ, ಆ ಗಟ್ಟಿ ಬುಷ್ ತೆಗೆದು ಉಳಿದಿದ್ದ ರಬ್ಬರ್ ಬುಷ್ ಹಾಕಿ ಮತ್ತೆ ಅದನ್ನೇ ಮಾಡಿದೆವು. ಈ ಸಲ ನಡುಕ ಬಹಳ ಕೆಳಗಿನ ವೇಗದಲ್ಲೇ, ಸಾವಿರದ ನೂರರ ಸುಮಾರಿಗೆ ಬಂದು ದಾಟಿಹೋಯಿತು. ಓಡುವ ವೇಗಕ್ಕೆ ಬರುವಾಗ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ರಬ್ಬರನ್ನು ಅರೆಯಲು ಅಷ್ಟು ಸಾಕು.

ಆಗ ನನ್ನ ತಲೆಗೆ ಹೊಳೆಯಿತು. ಮೋಟಾರಿನ ಹಾಗೆ ಎಂಜಿನ್ ಒಂದೇ ಸಮನೆ ತಿರುಗಿಸುವುದಿಲ್ಲ. ಸಿಲಿಂಡರಿನಲ್ಲಿ ಡೀಸೆಲ್ ಸಿಡಿದಾಗೊಮ್ಮೆ ತಳ್ಳುತ್ತದೆ, ಎರಡೇ ಸಿಲಿಂಡರ್ ಇದ್ದರೆ ಆ ತಳ್ಳು ಬಿಟ್ಟುಬಿಟ್ಟು ಜೋರಾಗಿ ಬೀಳುತ್ತದೆ. ಮಕ್ಕಳನ್ನು ಜೋಕಾಲಿಯಲ್ಲಿ ಕೂರಿಸಿ ಅದರ ತಾಳಕ್ಕೆ ಸರಿಯಾಗಿ ತಳ್ಳುತ್ತಾ ಹೋದರೆ ಹೇಗೆ ಏರುತ್ತಾ ಹೋಗುತ್ತದೋ ಹಾಗೆ, ಕಪ್ಲಿಂಗಿಗೂ ತನ್ನದೇ ಒಂದು ತಾಳವಿದೆ, ಎಂಜಿನ್ನಿನ ತಳ್ಳು ಅದಕ್ಕೆ ಕೂಡಿಬಂದರೆ ನಡುಕ ಏರುತ್ತದೆ. ಕಪ್ಲಿಂಗ್ ಗಟ್ಟಿಯಾದಷ್ಟೂ ಆ ತಾಳ ನಮ್ಮ ಓಡುವ ವೇಗಕ್ಕೆ ಹತ್ತಿರ ಬರುತ್ತದೆ. ನಾನು ಗಟ್ಟಿ ಬುಷ್ ಹಾಕಿ ಅದನ್ನು ಕೈಹಿಡಿದು ಹತ್ತಿರಕ್ಕೆ ಕರೆತಂದಿದ್ದೆ. ಬೇಕಾಗಿದ್ದದ್ದು ರಬ್ಬರ್ ಬುಷ್ಷಿಗಿಂತಲೂ ಮೆತ್ತಗಿನದು. ನಡುಕ ಬರುವುದಾದರೆ ಸ್ಟಾರ್ಟ್ ಮಾಡುವಾಗ ಒಮ್ಮೆ, ನಿಲ್ಲಿಸುವಾಗ ಒಮ್ಮೆ ಬಂದು ಹೋಗಲಿ.

"ಏನಾಯ್ತಣ್ಣ?" ಎಂದರು ಕಾರ್ಯದರ್ಶಿ.

"ಮೆತ್ತಗಿರೋದು ಆಕ್ಬೇಕು ಕಣವ್ವ."

"ಗಟ್ಟಿದೇ ಮುರ್ದೋಯ್ತು. ಮೆತ್ತಗಿರೋದು ನಿಲ್ತದಾ?"

ಅರ್ಥವಾಗುವಂತೆ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟೆ. ಆಯಾಸವಾಗಿತ್ತು.

ಆಲ್ಟರ್ನೇಟರಿನೊಳಗೆ ತಿರುಗುವ ರೋಟರನ್ನು ಶಾಫ್ಟಿನ ಸಮೇತ ಬಿಚ್ಚಿ ಲಗೇಜ್ ಆಟೋದಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದೆ. ಬಾಯಿಬಿಟ್ಟ ಗಾಡಿಗೆ ವೆಲ್ಡಿಂಗ್ ತುಂಬಿಸೋಣ ಎಂದದ್ದಕ್ಕೆ ಸಾಹೇಬರು ಒಪ್ಪಲಿಲ್ಲ, ಕಾವಿಗೆ ಶಾಫ್ಟು ಬಗ್ಗುತ್ತದೆ ಎಂದರು.

"ಉಲ್ಟಾ ಕಡೆ ಹೊಸ ಗಾಡಿ ಹೊಡ್ದುಕೊಡ್ತೀನಿ, ಬಸ್. ಆದ್ರೆ ಭಾಯ್, ಆವತ್ತು ಗಟ್ಟಿ ಬೇಕು ಅಂದ್ರಿ, ಕೊಟ್ಟೆ. ಈಗ ಮೆತ್ತಗೆ ಬೇಕು ಅಂತೀರ. ಯಾವ್ದಾದ್ರೂ ಒಂದು ಸೀದಾ ಹೇಳಿ."

ನನಗೆ ನಗು ಬರಲಿಲ್ಲ. ಅಲ್ಲಿಂದಲೇ ಮೈಸೂರಿನ ಬಸ್ಸು ಹತ್ತಿದೆ.

ಮೈಸೂರಿನ ಅಂಗಡಿಯವನು ಕೇಳಿದ್ದು ಎರಡೇ: ಎಷ್ಟು ಎಚ್‌ಪಿ, ಶಾಫ್ಟು ಎಷ್ಟು ದಪ್ಪ. ಹೇಳಿದ ಕೂಡಲೇ ಹಲ್ಲಿನ ಕಪ್ಲಿಂಗ್ ಎತ್ತಿ ಮುಂದಿಟ್ಟ. ಎರಡು ಕಡೆಯ ಉಕ್ಕಿನ ಹಲ್ಲುಗಳ ನಡುವೆ ನಕ್ಷತ್ರದ ಆಕಾರದ ರಬ್ಬರ್ ಕೂರುವ ಥರದ್ದು. ಚಿಕ್ಕದು, ನಮ್ಮ ಸಂದಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಆ ನಕ್ಷತ್ರವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರೆ ನಮ್ಮ ರಬ್ಬರ್ ಬುಷ್ಷಿಗಿಂತ ಹೆಚ್ಚೇನೂ ಮೆತ್ತಗಿರಲಿಲ್ಲ. ಗೇರ್ ಕಪ್ಲಿಂಗ್ ತೋರಿಸಿದ, ಅದು ಇನ್ನೂ ಗಟ್ಟಿ. ಮೇಲಿನ ಕಪಾಟಿನಲ್ಲಿ ಧೂಳು ಹಿಡಿದು ಕೂತಿದ್ದ ಟೈರ್ ಕಪ್ಲಿಂಗ್ ಇಳಿಸಲು ಹೇಳಿದೆ. ಹೆಸರಿಗೆ ತಕ್ಕಂತೆ ಸ್ಕೂಟರಿನ ಟೈರಿನ ಹಾಗೆಯೇ ಹೊಟ್ಟೆ ಉಬ್ಬಿದ ರಬ್ಬರ್ ಬಳೆ, ಅದರ ಎರಡು ಅಂಚುಗಳನ್ನೂ ಎರಡು ತಟ್ಟೆಗಳು ಕಚ್ಚಿ ಹಿಡಿಯುತ್ತವೆ. ಕೈಯಲ್ಲೇ ತಿರುಚಿದರೆ ಸ್ವಲ್ಪ ತಿರುಚಿಕೊಂಡಿತು. ಇದೇ ಬೇಕಾಗಿದ್ದದ್ದು.

ಕ್ಯಾಟಲಾಗು ತರಿಸಿ ಕೂತೆ. ಎರಡು ಸಿಲಿಂಡರಿನ ಎಂಜಿನ್ನಿಗೆ ಲೆಕ್ಕಕ್ಕಿಂತ ಎರಡು ಪಟ್ಟಿಗೂ ಮೇಲೆ ಹಿಡಿದು ಆರಿಸಬೇಕು ಎಂದು ಅದರಲ್ಲೇ ಬರೆದಿತ್ತು. ಹಾಗೆ ಆರಿಸಿದ ಅಳತೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. ಹೊಟ್ಟೆಯ ಅಗಲ ನೋಡಿದೆ, ಶಾಫ್ಟುಗಳ ನಡುವೆ ಬೇಕಾದ ಸಂದು ನೋಡಿದೆ. ಆಲ್ಟರ್ನೇಟರ್ ಒಂದು ಗೇಣು ಹಿಂದಕ್ಕೆ ಹೋಗಬೇಕು. ಟೈರಿನ ಹೊಟ್ಟೆ ತಿರುಗಲು ಕಟ್ಟೆಯ ನಡುವೆ ಕಾಂಕ್ರೀಟ್ ಕೆತ್ತಬೇಕು. ಸರಿಯಾಗಿ ಆ ಕುಡಿಕೆ ಇರುವ ಜಾಗ.

ಅಂಗಡಿಯವನಿಗೆ ಹೇಳಿ ಎರಡೂ ಪೆಟ್ಟಿಗೆ ತಂದೆ, ಒಂದನ್ನು ವಾಪಸು ಕೊಡುವ ಮಾತಿನ ಮೇಲೆ.

ಡೈರಿಯಲ್ಲಿ ಅಜ್ಜಿಯೂ ಕಾರ್ಯದರ್ಶಿಯೂ ಕಾಯುತ್ತಿದ್ದರು. ಜೊತೆಗೆ ಹಾಲು ಹಾಕುವ ಏಳೆಂಟು ಹೆಂಗಸರು. ವಿಷಯ ಹೇಳಿದೆ. ಅಜ್ಜಿ ಕಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು.

"ಆ ಜಾಗ ಮುಟ್ಟಂಗಿಲ್ಲ ಕಣಪ್ಪ. ಎಲ್ಲಾರ್ ಮನೆ ಆಲೂ ಅಲ್ಲೇ ಅದೆ. ಅದ್ನ ಒಡುದ್ರೆ ಅಸೀನ ಕೆಚ್ಚಲ್ಗೆ ಒಳ್ಳೇದಾಯ್ತದಾ?"

"ಅಜ್ಜೀ, ಟೈರು ತಿರುಗಾಕೆ ಜಾಗ ಬೇಕು."

"ಸಣ್ದು ಸಿಗಕಿಲ್ವಾ?"

ಸುಳ್ಳು ಹೇಳಲಾಗಲಿಲ್ಲ. ಇನ್ನೊಂದು ಪೆಟ್ಟಿಗೆ ತೆಗೆದು ತೋರಿಸಿದೆ. "ಇದದೆ. ಇದು ಕೂರ್ತದೆ. ಏನೂ ಒಡೀಬೇಕಿಲ್ಲ."

"ಆಕು ಮತ್ತೆ! ಅದ್ಕೆ ಇಷ್ಟೊಂದ್ ಮಾತ್ಯಾಕ್ಲಾ?"

ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಹಾಕಿಬಿಟ್ಟು ಹೋಗೋಣ ಅನ್ನಿಸಿತ್ತು. ಮೂರು ತಾಲ್ಲೂಕು ಸುತ್ತಿ ಸುತ್ತಿ ಸೊಂಟ ಬಿದ್ದುಹೋಗಿತ್ತು. ನನ್ನ ಅಂಗಡಿಯಲ್ಲಿ ಬೇರೆಯವರ ಕೆಲಸ ಹಾಗೇ ಬಿದ್ದಿತ್ತು. ಅವರೇ ಹಾಕು ಎನ್ನುತ್ತಿದ್ದಾರೆ, ಮುಂದೆ ಏನಾದರೂ ಆದರೆ ನನ್ನ ಮೇಲೆ ಬರುವುದಿಲ್ಲ.

ಕಾರ್ಯದರ್ಶಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಿಲ್ತದಾ ಅಣ್ಣ?"

"ನಾಕ್ ದಿನ ನಿಲ್ಬೋದು. ನಾಕ್ ತಿಂಗ್ಳೂ ನಿಲ್ಬೋದು. ನಾನ್ ಮಾತ್ರ ಗ್ಯಾರಂಟಿ ಕೊಡಕಿಲ್ಲ ಕಣವ್ವ," ಎಂದೆ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಬಾಯಿಗೆ ಬಂದದ್ದು ಬಂದೇ ಬಿಟ್ಟಿತು: "ಇದ್ನ ನಾನು ಆಕಕಿಲ್ಲ. ಬೇಕಾದ್ರೆ ಬೇರೆಯೋರ್ ಕೈಲಿ ಆಕುಸ್ಕಳಿ."

ಒಬ್ಬ ಹೆಂಗಸು, ಇವನೇನು ನಮ್ಮನ್ನೇ ಹೆದರಿಸುವುದು ಎಂದು ಗೊಣಗಿದರು. ಕಾರ್ಯದರ್ಶಿ ಆಕೆಯ ಕಡೆ ತಿರುಗಲಿಲ್ಲ.

"ಅತ್ತೆ," ಎಂದರು ಅಜ್ಜಿಗೆ. ಸಂಬಂಧದಲ್ಲಿ ಅತ್ತೆಯೇ ಆಗಬೇಕಂತೆ. "ಗುರುವಾರ ಬೆಳಗ್ಗಿಂದ ಸಂಜೆಗಂಟ ಲೈನ್ ಕೆಲ್ಸ ಅಂತೆ. ಕರೆಂಟ್ ಇರಕಿಲ್ಲ. ಆವತ್ತು ಆಲು ಕೆಟ್ರೆ ಕೂಲರ್ ಓಯ್ತದೆ. ಕೂಲರ್ ಓದ್ಮೇಲೆ ಆ ಕಟ್ಟೆ ಇಟ್ಕಂಡು ನಾವ್ ಏನ್ ಮಾಡಾದು?"

ಅಜ್ಜಿ ಎದ್ದು ಹೋಗಿಬಿಟ್ಟರು. ಮುನಿಸಿಕೊಂಡು ಹೋದರು ಅಂದುಕೊಂಡೆವು. ಹೆಂಗಸರೂ ಒಬ್ಬೊಬ್ಬರಾಗಿ ಚದುರಿದರು. ನಾನು ಸಾಮಾನು ಕಟ್ಟತೊಡಗಿದೆ.

ಸ್ವಲ್ಪ ಹೊತ್ತಿಗೆ ಅಜ್ಜಿ ವಾಪಸು ಬಂದರು. ಒಂದು ಕೈಯಲ್ಲಿ ಅರಿಶಿನದ ನೀರಿನ ಚೊಂಬು, ಇನ್ನೊಂದರಲ್ಲಿ ಹಾಲಿನ ಲೋಟ. ಕಟ್ಟೆಯ ನಡುವೆ ನೀರು ಚಿಮುಕಿಸಿ, ಹಾಲು ಬಿಟ್ಟು, ಕೈ ಮುಗಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತು, "ತತ್ತಾ ಉಳಿ,"  ಎಂದರು.

"ನೀವ್ಯಾಕಜ್ಜಿ, ನಾನ್ ಒಡೀತೀನಿ."

"ಮಡಗ್ದೋಳು ನಾನು. ತಗಿಯೋದೂ ನಾನೇ ತಗೀಬೇಕು. ಉಳಿ ನಾನ್ ಇಡ್ಕತೀನಿ, ನೀನ್ ಸುತ್ಗೆ ಆಕು."

ನಾನು ಎಷ್ಟೋ ಕಾಂಕ್ರೀಟ್ ಒಡೆದಿದ್ದೇನೆ, ಆ ದಿನದಷ್ಟು ಹೆದರಿ ಒಡೆದದ್ದಿಲ್ಲ. ಉಳಿಯ ಮೇಲೆ ಬಳೆ ತೊಟ್ಟ ಆ ಮುದಿ ಕೈ, ಅದರ ಮೇಲೆ ನನ್ನ ಸುತ್ತಿಗೆ. ಮೆಲ್ಲಗೆ ಹೊಡೆದರೆ ಕಾಂಕ್ರೀಟ್ ಬಿಡುವುದಿಲ್ಲ, ಜೋರಾಗಿ ಹೊಡೆದರೆ ಎಲ್ಲಿ ಜಾರುತ್ತದೋ ಎಂಬ ಭಯ. ಪ್ರತಿ ಏಟಿಗೂ ಅಜ್ಜಿ ಕಣ್ಣು ಮುಚ್ಚುತ್ತಿದ್ದರು, ಕೈ ಮಾತ್ರ ಅಲುಗಾಡಿಸಲಿಲ್ಲ. ಕೊನೆಗೆ ಕುಡಿಕೆಯ ಬಾಯಿ ಕಂಡಿತು. ಇಡಿಯಾಗಿ ತೆಗೆಯಬೇಕೆಂದು ಸುತ್ತಲೂ ಬಿಡಿಸಿದೆವು. ಆದರೂ ಕೊನೆಯ ಏಟಿಗೆ ಅದು ಒಡೆದುಹೋಯಿತು. ನಾನು ಸುತ್ತಿಗೆ ಹಿಡಿದವನು ಹಾಗೇ ಕೂತೆ. ಅಜ್ಜಿ ಮಡಕೆಯ ಚೂರು, ಕಾಳು, ಜೊತೆಗಿದ್ದ ಮಣ್ಣು ಎಲ್ಲವನ್ನೂ ಸೆರಗಿಗೆ ಬಳಿದುಕೊಂಡರು.

"ಕೊಟ್ಟಿಗೆ ಮೂಲೇಲಿ ಊತ್ಬುಡ್ತೀನಿ ಬುಡು. ನಿನ್ ಕೆಲ್ಸ ನೀನ್ ಮಾಡ್ಕಳಪ್ಪ," ಎಂದು ಎದ್ದು ಹೋದರು.

ಉಳಿದದ್ದು ಮೈಮುರಿಯುವ ಕೆಲಸ. ನಡುವಿನ ಕಾಂಕ್ರೀಟನ್ನು ಟೈರಿನ ಹೊಟ್ಟೆಗೆ ಬೇಕಾದಷ್ಟು ಕೆತ್ತಿ ಬಾಣಲೆ ತುಂಬ ತುಂಬಿ ಹೊರಗೆ ಹಾಕಿದೆ. ಆಲ್ಟರ್ನೇಟರ್ ಹಿಂದಕ್ಕೆ ಹೋಗಬೇಕಾದರೆ ಹೊಸ ಬೋಲ್ಟು ಹೂಳಬೇಕು, ಹೊಸ ಕಾಂಕ್ರೀಟ್ ಗುರುವಾರದೊಳಗೆ ಬಿಗಿಯುವುದಿಲ್ಲ. ಅದಕ್ಕೇ ಪಾಂಡವಪುರದಲ್ಲಿ ಒಂದು ದಪ್ಪ ಕಬ್ಬಿಣದ ಪ್ಲೇಟು ಕತ್ತರಿಸಿ, ಅದನ್ನು ಹಳೇ ಬೋಲ್ಟಿಗೆ ಬಿಗಿದು, ಹೊಸ ಜಾಗದಲ್ಲಿ ತೂತು ಕೊರೆದು ಆಲ್ಟರ್ನೇಟರನ್ನು ಅದರ ಮೇಲೆ ಕೂರಿಸಿದೆ. ಪ್ಲೇಟಿನ ದಪ್ಪದಷ್ಟು ಅದು ಮೇಲೆದ್ದಿತು. ಹಾಗಾಗಿ ಎಂಜಿನ್ನನ್ನೂ ಜಾಕಿಯಲ್ಲಿ ಎತ್ತಿ ಅಷ್ಟೇ ದಪ್ಪದ ತುಂಡುಗಳನ್ನು ಅದರ ಪಾದಕ್ಕೆ ಕೊಟ್ಟೆ. ಎಂಜಿನ್ ಎದ್ದ ಕೂಡಲೇ ಹೊಗೆ ಕೊಳವೆ ಗೋಡೆಯ ತೂತಿಗೆ ಸೇರಲಿಲ್ಲ. ಅದನ್ನೂ ಕತ್ತರಿಸಿ ಜೋಡಿಸಿದ್ದಾಯಿತು. ಒಂದನ್ನು ಸರಿಮಾಡಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು.

ಸಾಹೇಬರು ರೋಟರನ್ನೂ, ಶಾಫ್ಟಿನ ಅಳತೆಗೆ ಕೊರೆಯಲು ಕಳಿಸಿದ್ದ ಕಪ್ಲಿಂಗಿನ ತಟ್ಟೆಗಳನ್ನೂ ಸಮಯಕ್ಕೆ ಸರಿಯಾಗಿ ಕಳಿಸಿಕೊಟ್ಟರು. ಮತ್ತೆ ಡಯಲ್ ಗೇಜು, ಮತ್ತೆ ತಗಡು, ಮತ್ತೆ ಬೆನ್ನು. ಟೈರ್ ಕಪ್ಲಿಂಗ್ ಸ್ವಲ್ಪ ವ್ಯತ್ಯಾಸವಿದ್ದರೂ ಸಹಿಸುತ್ತದೆ ಎನ್ನುತ್ತಾರೆ. ನಾನು ಅದನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಎಲ್ಲಾ ನೆಟ್ಟಗಾದ ಮೇಲೆ ಒಂದು ಕಡೆ ಸೀಳಿಕೊಂಡೇ ಬರುವ ಟೈರನ್ನು ಅಗಲಿಸಿ ತಟ್ಟೆಗಳ ಸುತ್ತ ಸೇರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ.

ಸ್ಟಾರ್ಟ್ ಮಾಡಿದಾಗ ಇಡೀ ಸೆಟ್ಟು ಒಂದು ಸಲ ಎಮ್ಮೆ ಮೈ ಕೊಡವಿದ ಹಾಗೆ ನಡುಗಿತು. ಕಾರ್ಯದರ್ಶಿ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ವೇಗ ಏರಿತು, ನಡುಕ ಹೋಯಿತು. ಸಾವಿರದ ಐನೂರಕ್ಕೆ ಬಂದ ಮೇಲೆ ಅಂಗೈ ಇಟ್ಟೆ. ಯಂತ್ರದ ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ಏನೂ ಇಲ್ಲ. ಆದರೂ ಸರಿಹೋಯಿತು ಎಂದು ನಾನು ಹೇಳಲಿಲ್ಲ. ಎರಡು ಸಲ ಹೇಳಿ ಬಾಯಿ ಸುಟ್ಟುಕೊಂಡಿದ್ದೆ.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಹೋದೆ. ಆಗಲೇ ಲೈನು ತೆಗೆದಿದ್ದರು. ಹೆಂಗಸರು ಸಾಲಾಗಿ ಬಂದು ಹಾಲು ಅಳೆಸಿದರು. ಯಾರೂ ಮನೆಗೆ ಹೋಗದೆ ಡೈರಿಯ ಮುಂದೆಯೇ ಗುಂಪು ಕಟ್ಟಿಕೊಂಡು ನಿಂತರು. ಕಂಪ್ರೆಸರ್ ಹಾಕಿದಾಗ ಎಂಜಿನ್ ಒಂದು ಸಲ ತಗ್ಗಿ ಮತ್ತೆ ಎದ್ದಿತು. ನಾನು ಕಪ್ಲಿಂಗಿನ ಹತ್ತಿರವೇ ಸ್ಟೂಲು ಹಾಕಿಕೊಂಡು ಕೂತೆ. ಆಗಾಗ ಎದ್ದು ಮೂಗು ಹತ್ತಿರ ತಂದು ರಬ್ಬರ್ ಸುಟ್ಟ ವಾಸನೆ ಬರುತ್ತಿದೆಯೇ ಎಂದು ನೋಡುವುದು, ಮತ್ತೆ ಕೂರುವುದು. ಕಾರ್ಯದರ್ಶಿ ಕೂಲರಿನ ಮುಳ್ಳಿಗೂ ನನ್ನ ಮುಖಕ್ಕೂ ಓಡಾಡುತ್ತಿದ್ದರು.

ಟ್ಯಾಂಕರು ಬಂದಾಗ ಬಿಸಿಲು ನೆತ್ತಿಗೇರಿತ್ತು. ಸೂಪರ್‌ವೈಸರ್ ಥರ್ಮಾಮೀಟರ್ ಇಳಿಬಿಟ್ಟರು, ಎತ್ತಿ ನೋಡಿದರು. ಹಾಲು ತೆಗೆದು ಕುದಿಸಿ ನೋಡಿದರು. "ನಾಲ್ಕು ಡಿಗ್ರಿ. ಪರವಾಗಿಲ್ಲ, ತುಂಬಿಸಿ," ಎಂದರು. ಹೆಂಗಸರಲ್ಲಿ ಒಬ್ಬರು ಅತ್ತುಬಿಟ್ಟರು, ಉಳಿದವರು ಆಕೆಯನ್ನು ಗೇಲಿ ಮಾಡಿದರು. ಟ್ಯಾಂಕರು ಹೋದ ಮೇಲೆ ಎಲ್ಲರೂ ಹಸುಗಳಿಗೆ ನೀರು ತೋರಿಸಲು ಹೋದರು. ಡೈರಿ ಖಾಲಿಯಾಯಿತು.

ಟ್ಯಾಂಕಿನಲ್ಲಿ ಹಾಲಿಲ್ಲ, ಇನ್ನು ಸಂಜೆಯವರೆಗೆ ಎಂಜಿನ್ ಓಡಿಸುವ ಕೆಲಸವಿಲ್ಲ. ಕಂಪ್ರೆಸರ್ ಆರಿಸಿ, ಎಂಜಿನ್ ನಿಲ್ಲಿಸಲು ಲಿವರಿಗೆ ಕೈ ಹಾಕಿದೆ. ಆಗ ಕಾರ್ಯದರ್ಶಿಯನ್ನು ನೋಡಿದೆ. ಬೋರಲು ಹಾಕಿದ ಕ್ಯಾನುಗಳಿಗೆ ಒರಗಿ, ಕಾಲು ಚಾಚಿ, ಬಾಯಿ ಅರ್ಧ ತೆರೆದುಕೊಂಡು ನಿದ್ದೆ ಹೋಗಿದ್ದರು. ಎಂಜಿನ್ನಿನ ಸದ್ದು ಕೊಂಚ ಬದಲಾದರೂ ಎಲ್ಲಿದ್ದರೂ ಬೆಚ್ಚಿ ಓಡಿ ಬರುತ್ತಿದ್ದ ಹೆಂಗಸು ಅದೇ ಎಂಜಿನ್ನಿನ ಪಕ್ಕ ಮಗುವಿನಂತೆ ಮಲಗಿದ್ದರು. ಲಿವರ್ ಎಳೆದರೆ ವೇಗ ಇಳಿಯುವಾಗ ಸೆಟ್ಟು ಒಮ್ಮೆ ದಡದಡ ನಡುಗಿಯೇ ನಿಲ್ಲುವುದು. ಈ ಕಪ್ಲಿಂಗಿನ ಸ್ವಭಾವವೇ ಅದು. ಆ ಸದ್ದಿಗೆ ಆಕೆ ಎದ್ದು, ಏನಾಯ್ತಣ್ಣ ಎಂದು ಓಡಿ ಬರುತ್ತಾರೆ.

ಡೀಸೆಲ್ ಡೈರಿಯದು. ಯಾರಾದರೂ ಕೇಳಿದರೆ ಟೆಸ್ಟಿಂಗ್ ಮಾಡುತ್ತಿದ್ದೆ ಎಂದರಾಯಿತು. ಲಿವರಿನಿಂದ ಕೈ ತೆಗೆದು ಸ್ಟೂಲನ್ನು ಗೋಡೆಗೆ ಎಳೆದುಕೊಂಡು ನಾನೂ ಒರಗಿ ಕೂತೆ.